ಮಕ್ಕಳೆಂಬ ಅಮಾನತ್: ಶಾಲೆ, ಮದ್ರಸ ಮತ್ತು ನಮ್ಮ ಹೊಣೆ



ಕಳೆದ ಜುಮಾ ಖುತ್ಬಾದಲ್ಲಿ ನಾವು ಅಮಾನತ್‌ನ ಬಗ್ಗೆ ಮಾತನಾಡಿದೆವು. ಅಮಾನತ್ ಎಂದ ಕೂಡಲೇ ಮನಸ್ಸು ಹಣ, ಚಿನ್ನ, ಜಮೀನಿನ ಕಾಗದಗಳ ಕಡೆಗೆ ಹೋಗುತ್ತದೆ. ಆದರೆ ಬೆಳಿಗ್ಗೆ ಮದ್ರಸ, ಆಮೇಲೆ ಶಾಲೆ, ಸಂಜೆ ಟ್ಯೂಷನ್ ಎಂದು ನಾವು ದಿನವೂ ಬೇರೆಯವರ ಕೈಗೆ ಒಪ್ಪಿಸುವ ದೊಡ್ಡ ಅಮಾನತ್ ನಮ್ಮ ಮಕ್ಕಳೇ. ಸೇರಿಸುವಾಗ ಫೀಸು ಎಷ್ಟು, ಫಲಿತಾಂಶ ಹೇಗೆ, ಹಿಫ್ಝ್ ಎಷ್ಟು ವರ್ಷಕ್ಕೆ ಮುಗಿಯುತ್ತದೆ ಎಂದು ಕೇಳುತ್ತೇವೆ. ಮಗು ಅಲ್ಲಿ ಸುರಕ್ಷಿತವೇ ಎಂದು ಕೇಳಲು ಮಾತ್ರ ಸಂಕೋಚ. ಉಸ್ತಾದರಿಗೆ ಬೇಸರವಾದೀತು ಎಂಬ ಭಯ.

2004ರ ಜುಲೈ 16, ಒಂದು ಶುಕ್ರವಾರ. ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಮನೆಯಿಂದ ಹೊತ್ತಿದ ಬೆಂಕಿ ಮಹಡಿಯ ತರಗತಿಗಳ ಹುಲ್ಲಿನ ಚಾವಣಿಗೆ ತಗಲಿತು. 94 ಪುಟ್ಟ ಮಕ್ಕಳು ತೀರಿಕೊಂಡರು. ಅಡುಗೆಮನೆ, ಹುಲ್ಲಿನ ಚಾವಣಿ, ಇಕ್ಕಟ್ಟಾದ ಮೆಟ್ಟಿಲು ಎಲ್ಲವೂ ದಿನವೂ ಎಲ್ಲರ ಕಣ್ಣೆದುರಿಗೇ ಇದ್ದವು. ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಸುಟ್ಟುಹೋದ ಸುದ್ದಿ ತಿಳಿದಾಗ ಪ್ರವಾದಿ(ಸ)ರವರು ಬೆಂಕಿಯನ್ನು ಶತ್ರುವೆಂದು ಕರೆದು, ಮಲಗುವ ಮುನ್ನ ಆರಿಸಲು ಆಜ್ಞಾಪಿಸಿದರು. ತಡೆಗೋಡೆಯಿಲ್ಲದ ಮಾಳಿಗೆಯ ಮೇಲೆ ಮಲಗುವವನಿಗೂ ಅವರು ಎಚ್ಚರಿಕೆ ಕೊಟ್ಟಿದ್ದಾರೆ. ತಡೆಗೋಡೆಯ ವಿಷಯವೂ ಹದೀಸ್ ಗ್ರಂಥಗಳಲ್ಲಿದೆ ಎಂದರೆ ಅದೂ ದೀನ್‌ನ ಭಾಗವೇ. ರಾತ್ರಿ ಮಕ್ಕಳು ಮಲಗುವ ಹಾಸ್ಟೆಲ್‌ನ ಗ್ರಿಲ್ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಒಬ್ಬರ ಜೇಬಿನಲ್ಲಿಟ್ಟುಕೊಳ್ಳುವ ಪದ್ಧತಿ ಎಲ್ಲೆಲ್ಲಿದೆಯೋ, ಅಲ್ಲಿನ ಕಮಿಟಿಯವರು ಇದನ್ನು ಯೋಚಿಸಬೇಕು.

ಬೆಂಕಿ, ಬಾವಿ, ವಿದ್ಯುತ್ ತಂತಿ ಇವನ್ನು ಹುಡುಕಿದರೆ ಕಾಣಬಹುದು. ಮನುಷ್ಯರಿಂದಾಗುವ ಅಪಾಯ ಹಾಗಲ್ಲ. ಅದು ಮಗು ಬಾಯಿ ಬಿಟ್ಟರೆ ಮಾತ್ರ ನಮಗೆ ತಿಳಿಯುತ್ತದೆ. ಮಗುವಿನ ಬಾಯಿ ಮುಚ್ಚಿಸುವವರು ಹಲವು ಬಾರಿ ನಾವೇ. ಮದ್ರಸಕ್ಕೆ ಸೇರಿಸುವ ದಿನ ಕೆಲವು ಹಿರಿಯರು ಅಭಿಮಾನದಿಂದ ಹೇಳುವ ಮಾತೊಂದಿದೆ: ಮಾಂಸ ನಿಮ್ಮದು, ಮೂಳೆ ನಮ್ಮದು. ಉಸ್ತಾದರ ಮೇಲಿನ ಗೌರವದಿಂದ ಬಂದ ಮಾತು, ನಿಜ. ಆದರೆ ಪಕ್ಕದಲ್ಲಿ ನಿಂತ ಏಳು ವರ್ಷದ ಮಗುವಿಗೆ ಅದು ಹೇಗೆ ಕೇಳಿಸುತ್ತದೆ? ಇಲ್ಲಿ ನನಗೆ ಏನಾದರೂ ಮನೆಯಲ್ಲಿ ಹೇಳುವಂತಿಲ್ಲ ಎಂದು ಅದು ಮೊದಲ ದಿನವೇ ಕಲಿತುಬಿಡುತ್ತದೆ.

ಹಝ್ರತ್ ಅನಸ್(ರ) ಬಾಲಕನಾಗಿದ್ದಾಗಿನಿಂದ ಹತ್ತು ವರ್ಷ ಪ್ರವಾದಿ(ಸ)ರವರ ಸೇವೆಯಲ್ಲಿದ್ದರು. ಅಷ್ಟೂ ಕಾಲದಲ್ಲಿ ಅವರಿಂದ ಒಮ್ಮೆಯೂ 'ಉಫ್' ಎಂಬ ಮಾತು ಕೇಳಲಿಲ್ಲ ಎಂದು ಮುಂದೆ ಅವರೇ ತಿಳಿಸಿದ್ದಾರೆ. ಬೆತ್ತವಿಲ್ಲದೆ ಮಕ್ಕಳಿಗೆ ಅದಬ್ ಬರುವುದಿಲ್ಲ ಎನ್ನುವವರ ಮುಂದೆ ಈ ಹದೀಸನ್ನು ಇಡುತ್ತೇವೆ. ಶಾಲೆಗಳಲ್ಲಿ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ.

ಇನ್ನು ಹೇಳಲು ಕಷ್ಟವಾದ ವಿಷಯ. ಮಗುವಿನ ಮೈ ಮುಟ್ಟಬಾರದ ರೀತಿಯಲ್ಲಿ ಯಾರೋ ಮುಟ್ಟಿದ್ದಾರೆ ಎಂದು ತಾಯಿಗೆ ತಿಳಿಯುತ್ತದೆ. ಅವರು ಮನೆಯವರಿಗೆ ಹೇಳುತ್ತಾರೆ. ವಿಷಯ ಕಮಿಟಿಗೆ ಬರುತ್ತದೆ. ಆಗ ಒಬ್ಬರು ಸತ್ರ್‌ನ ಹದೀಸನ್ನು ನೆನಪಿಸುತ್ತಾರೆ: ಮುಸ್ಲಿಮನ ಕೊರತೆಯನ್ನು ಮುಚ್ಚಿದವನ ಕೊರತೆಯನ್ನು ಅಲ್ಲಾಹನು ಮುಚ್ಚುತ್ತಾನಲ್ಲವೇ? ಜಮಾಅತ್‌ನ ಮಾನ, ಹುಡುಗಿಯ ಮದುವೆ, ಪತ್ರಿಕೆಯವರ ಕಣ್ಣು ಎಲ್ಲವೂ ಚರ್ಚೆಗೆ ಬರುತ್ತವೆ. ಆ ವ್ಯಕ್ತಿ ತೌಬಾ ಮಾಡಿ ಊರು ಬಿಟ್ಟು, ಇನ್ನೊಂದು ಊರಿನಲ್ಲಿ, ಇನ್ನೊಂದು ಮಕ್ಕಳ ಗುಂಪಿನ ಮುಂದೆ ಕೂರುತ್ತಾನೆ.

ಆ ಹದೀಸ್‌ನ ಅರ್ಥ ಇದಲ್ಲ. ಒಬ್ಬನು ತಾನೇ ಎಡವಿದಾಗ, ಆ ವಿಷಯ ಅವನ ಮತ್ತು ಅಲ್ಲಾಹನ ನಡುವೆ ಇದ್ದಾಗ, ಅದನ್ನು ಊರೆಲ್ಲ ಸಾರಬಾರದು ಎಂಬುದು ಸತ್ರ್. ಇನ್ನೊಬ್ಬರಿಗೆ ಹಾನಿ ಮಾಡಿ ಮತ್ತೆ ಮಾಡಬಲ್ಲವನನ್ನು ಅಡಗಿಸುವುದು ಝುಲ್ಮ್‌ಗೆ ಸಹಾಯ. ದಾಸರ ಹಕ್ಕು ಬರೀ ತೌಬಾದಿಂದ ತೀರುವುದಿಲ್ಲ ಎಂದು ಉಲಮಾ ಕಲಿಸುತ್ತಾ ಬಂದಿದ್ದಾರೆ. ಅಕ್ರಮಿಯಾದ ಸಹೋದರನಿಗೂ ನೆರವಾಗಿ ಎಂದು ಪ್ರವಾದಿ(ಸ) ಹೇಳಿದಾಗ ಸಹಾಬಾಗಳು ಅಚ್ಚರಿಪಟ್ಟರು. ಅವನ ಕೈ ತಡೆಯುವುದೇ ಅವನಿಗೆ ಮಾಡುವ ನೆರವು ಎಂದು ಅವರು ವಿವರಿಸಿದರು. ಸ್ವಂತದವರ ವಿರುದ್ಧವಾದರೂ ನ್ಯಾಯದ ಸಾಕ್ಷ್ಯ ನುಡಿಯಬೇಕೆಂಬ ಆದೇಶ ಅನ್ನಿಸಾ ಅಧ್ಯಾಯದ 135ನೇ ಸೂಕ್ತದಲ್ಲಿದೆ.

ಇಲ್ಲಿ ಕಾನೂನು ಕಮಿಟಿಗೆ ಆಯ್ಕೆಯನ್ನೇ ಬಿಟ್ಟಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಬಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಅಪರಾಧಿ ಶಿಕ್ಷಣ ಸಂಸ್ಥೆ ಅಥವಾ ಧಾರ್ಮಿಕ ಸಂಸ್ಥೆಯವನಾಗಿದ್ದು, ಅಲ್ಲಿನ ಮಗುವಿಗೇ ಹೀಗೆ ಮಾಡಿದ್ದರೆ ಅವನ ಶಿಕ್ಷೆ ಇನ್ನೂ ಕಠಿಣ.

ಠಾಣೆ ಎಂದರೆ ತಾಯಂದಿರಿಗೆ ಭಯ. ಅವರಿಗಾಗಿ ಇದನ್ನು ಬರೆಯುತ್ತೇವೆ: ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು. ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿ ಪಡೆಯಬೇಕು, ಸಮವಸ್ತ್ರದಲ್ಲಿ ಇರಬಾರದು. ತಂದೆ ತಾಯಿ ಅಥವಾ ಮಗು ನಂಬುವ ಒಬ್ಬರು ಜೊತೆಗಿರಬಹುದು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಪತ್ರಿಕೆ, ಟಿವಿಗಳು ಮಗುವಿನ ಹೆಸರು, ಮನೆ, ಶಾಲೆ ಯಾವುದನ್ನೂ ಬಹಿರಂಗಪಡಿಸಬಾರದು.

ಖುತ್ಬಾದ ನಂತರ ಒಬ್ಬರು ಕೇಳಿದರು: ಯಾರಾದರೂ ದ್ವೇಷದಿಂದ ನಿರಪರಾಧಿ ಉಸ್ತಾದರ ಮೇಲೆ ಸುಳ್ಳು ದೂರು ಕೊಟ್ಟರೆ? ಪ್ರಶ್ನೆ ಸರಿಯಾದದ್ದೇ. ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂದು ಕುರ್‌ಆನ್ ಹೇಳಿದೆ. ಆದರೆ ಆ ಪರಿಶೀಲನೆ ತನಿಖೆ ಬಲ್ಲವರ ಕೆಲಸ. ಮಗುವನ್ನು ಹತ್ತು ಜನರ ಮುಂದೆ ನಿಲ್ಲಿಸಿ ಕಮಿಟಿ ಪ್ರಶ್ನಿಸಿದರೆ ಸತ್ಯವೂ ಹೊರಬರುವುದಿಲ್ಲ, ಉಸ್ತಾದರ ಮಾನವೂ ಉಳಿಯುವುದಿಲ್ಲ. ಅನ್ನೂರ್ ಅಧ್ಯಾಯವು ಮನೆಯೊಳಗಿನ ಮಕ್ಕಳಿಗೂ ಮೂರು ಹೊತ್ತು ಅನುಮತಿ ಕೇಳಿಯೇ ಒಳಬರಲು ಕಲಿಸುತ್ತದೆ. ಅಷ್ಟು ಸೂಕ್ಷ್ಮವಾದ ದೀನ್ ನಮ್ಮದಾಗಿರುವಾಗ, ಒಂದು ಮಗುವನ್ನು ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಕೂರಿಸಿ ಪಾಠ ಕೇಳುವುದು ಏಕೆ? ಬಾಗಿಲು ತೆರೆದಿದ್ದರೆ ಅದು ಉಸ್ತಾದರಿಗೂ ರಕ್ಷಣೆ.

ಶವ್ವಾಲ್‌ನಲ್ಲಿ ಮದ್ರಸ ತೆರೆಯುವ ಮುನ್ನ ಕಮಿಟಿಯವರು ಇಬ್ಬರು ತಾಯಂದಿರನ್ನೂ ಜೊತೆಗೆ ಕರೆದುಕೊಂಡು ಕಟ್ಟಡವನ್ನು ಒಮ್ಮೆ ಸುತ್ತಿ ನೋಡಲಿ. ಶೌಚಾಲಯದ ಒಳಚಿಲಕ, ಮೆಟ್ಟಿಲ ಕೆಳಗಿನ ಕತ್ತಲು, ಕಿಟಕಿಯಿಲ್ಲದ ಸ್ಟೋರ್ ರೂಮ್ ಇವು ಗಂಡಸರಿಗಿಂತ ಬೇಗ ಅವರ ಕಣ್ಣಿಗೆ ಬೀಳುತ್ತವೆ. ಮಕ್ಕಳ ಸಹಾಯವಾಣಿ 1098 ಉಚಿತ. ಆ ಸಂಖ್ಯೆಯನ್ನು ಆಫೀಸಿನ ಗೋಡೆಯ ಬದಲು ಮಕ್ಕಳು ವುಝೂ ಮಾಡುವ ಜಾಗದಲ್ಲಿ, ಅವರ ಕಣ್ಣೆತ್ತರಕ್ಕೆ, ದಪ್ಪ ಅಕ್ಷರದಲ್ಲಿ ಬರೆಸಿ.