ಕೈಗಲ್ಲ, ಹ್ಯಾಂಡಲ್‌ಗೆ ಗವಸು

ಕೊರೆಯುವ ಚಳಿಯಲ್ಲಿ ಸೈಕಲ್ ತುಳಿಯುವವರಿಗೆ ಮೊದಲು ಕೈಕೊಡುವುದು ಕೈಯೇ. ತೊಡೆ ದುಡಿಯುತ್ತಿರುತ್ತದೆ, ಎದೆ ಏದುಸಿರಿನಲ್ಲೇ ಕಾಯುತ್ತದೆ, ಕೋಟಿನೊಳಗೆ ಬೆನ್ನು ಬೆವರುತ್ತದೆ. ಹ್ಯಾಂಡಲ್ ಹಿಡಿದ ಎರಡು ಕೈಗೆ ಮಾತ್ರ ಕೆಲಸವೂ ಇಲ್ಲ, ಮರೆಯೂ ಇಲ್ಲ. ಎದುರು ಗಾಳಿಗೆ ಮುಂದೆ ಚಾಚಿಕೊಂಡು ಸುಮ್ಮನೆ ಕೂತಿರಬೇಕು. ಮೊದಲು ಬೆರಳ ತುದಿ ಚುಚ್ಚುತ್ತದೆ, ಆಮೇಲೆ ಉರಿಯುತ್ತದೆ, ಕೊನೆಗೆ ಏನೂ ತಿಳಿಯುವುದೇ ಇಲ್ಲ. ಈ ಕೊನೆಯದೇ ಅಪಾಯದ್ದು. ಬ್ರೇಕ್ ಹಿಡಿದೆನೋ ಇಲ್ಲವೋ ಎಂದು ಕಣ್ಣಿನಿಂದ ನೋಡಿ ತಿಳಿಯಬೇಕಾದ ಸ್ಥಿತಿ ಅದು.

ಡಿಸೆಂಬರಿನ 15 ಡಿಗ್ರಿಗೇ ಮಂಕಿ ಕ್ಯಾಪ್ ಹುಡುಕುವ ಬೆಂಗಳೂರಿನವರಿಗೆ ಇಂಥ ಚಳಿಯಲ್ಲಿ ಸೈಕಲ್ ಏಕೆ ಬೇಕು ಅನಿಸುವುದು ಸಹಜ. ಆದರೆ ಉತ್ತರ ಫಿನ್ಲೆಂಡಿನ ಔಲು ನಗರದಲ್ಲಿ ಇದು ಸಾಹಸವಲ್ಲ, ದಿನಚರಿ. ಆರ್ಕ್‌ಟಿಕ್ ವೃತ್ತಕ್ಕೆ ಇನ್ನೂರು ಕಿಲೋಮೀಟರಿನೊಳಗಿರುವ ಈ ಊರಿನ ಜನಸಂಖ್ಯೆ ಎರಡು ಲಕ್ಷಕ್ಕೂ ಮಿಕ್ಕದ್ದು. ಸೈಕಲ್ ದಾರಿಗಳ ಉದ್ದ ಸುಮಾರು 900 ಕಿ.ಮೀ. ಬೆಳಿಗ್ಗೆ ಜನ ಕೆಲಸಕ್ಕೆ ಹೊರಡುವ ಮೊದಲೇ ಮುಖ್ಯ ದಾರಿಗಳ ಹಿಮ ತೆಗೆದಿರುತ್ತಾರೆ. ಮಕ್ಕಳು ಮೈನಸ್ ಚಳಿಯಲ್ಲೂ ಸೈಕಲ್ಲಲ್ಲೇ ಶಾಲೆಗೆ ಹೋಗುತ್ತಾರೆ. ಚಳಿಗಾಲದ ಸೈಕಲ್ ಸವಾರಿಯ ಬಗ್ಗೆಯೇ ಒಂದು ಅಂತರರಾಷ್ಟ್ರೀಯ ಸಮಾವೇಶ 2013ರಲ್ಲಿ ಮೊದಲು ನಡೆದದ್ದೂ ಇಲ್ಲೇ. ಮರುವರ್ಷ ಅದು ಕೆನಡಾದ ವಿನಿಪೆಗ್‌ಗೆ ಹೋಯಿತು.

ಬೆರಳಿಗೇ ಈ ಪಾಡು ಏಕೆ? ಬೆರಳನ್ನು ಮಡಿಸಿ ಬಿಡಿಸುವ ದೊಡ್ಡ ಸ್ನಾಯುಗಳು ಬೆರಳಲ್ಲಿಲ್ಲ, ಮೊಣಕೈ ಕೆಳಗಿನ ಮುಂಗೈಯಲ್ಲಿವೆ. ಅಲ್ಲಿಂದ ಸ್ನಾಯುರಜ್ಜುಗಳ ಮೂಲಕ ಎಳೆಯುತ್ತವೆ. ಹಾಗಾಗಿ ಬೆರಳು ತಾನಾಗಿ ಹುಟ್ಟಿಸಿಕೊಳ್ಳುವ ಶಾಖ ಅತ್ಯಲ್ಪ. ರಕ್ತ ಹೊತ್ತು ತಂದದ್ದೇ ಅದರ ಪಾಲು. ಗಾತ್ರ ಚಿಕ್ಕದು, ಚರ್ಮದ ಹರವು ದೊಡ್ಡದು; ಬಂದ ಶಾಖ ಬೇಗ ಸೋರಿಹೋಗುತ್ತದೆ. ಇಷ್ಟು ಸಾಲದೆಂಬಂತೆ, ಮೈ ತಣ್ಣಗಾಗುತ್ತಿದೆ ಎಂದು ಮಿದುಳಿಗೆ ಗೊತ್ತಾದೊಡನೆ ಅದು ಕೈಕಾಲಿನ ರಕ್ತನಾಳಗಳನ್ನು ಬಿಗಿಯುತ್ತದೆ. ಕೆರೆಯಲ್ಲಿ ನೀರು ತಗ್ಗಿದಾಗ ನೀರಗಂಟಿ ಕೊನೆಯ ಗದ್ದೆಗಳ ಪಾಲನ್ನು ಮೊದಲು ತಡೆಯುವುದಿಲ್ಲವೇ, ಹಾಗೆ. ಹೃದಯ, ಶ್ವಾಸಕೋಶ, ಮಿದುಳು ಉಳಿದರೆ ಸಾಕು, ಬೆರಳು ಕಾದಿರಲಿ ಎಂಬ ಲೆಕ್ಕ. ಹಾಗೆಂದು ಪೂರ್ತಿ ಕೈಬಿಡುವುದೂ ಇಲ್ಲ. ತಣ್ಣೀರಿನಲ್ಲಿ ಅದ್ದಿದ ಬೆರಳಿಗೆ ಕೆಲವು ನಿಮಿಷಗಳ ಬಳಿಕ ರಕ್ತ ಒಮ್ಮೆ ನುಗ್ಗಿ, ಮತ್ತೆ ನಿಂತು, ಮತ್ತೆ ನುಗ್ಗುವುದನ್ನು ಬ್ರಿಟಿಷ್ ವೈದ್ಯ ಥಾಮಸ್ ಲೂಯಿಸ್ 1930ರಲ್ಲೇ ವಿವರಿಸಿದ್ದ.

ಆದ್ದರಿಂದ ಕೈ ಬೆಚ್ಚಗಿರಬೇಕೆಂದರೆ ಮೊದಲು ಕಟ್ಟಬೇಕಾದದ್ದು ಎದೆ, ಕತ್ತು, ತಲೆ. ಒಳ್ಳೆಯ ಬನಿಯನ್, ಕಿವಿ ಮುಚ್ಚುವ ಟೋಪಿ ಇಲ್ಲದವನಿಗೆ ಎಷ್ಟೇ ದಪ್ಪದ ಕೈಗವಸು ಕೊಟ್ಟರೂ ಅದು ತಣ್ಣನೆಯ ಬೆರಳನ್ನು ತಣ್ಣಗೇ ಕಾಪಾಡುತ್ತದೆ. ಗವಸು ಶಾಖ ಹುಟ್ಟಿಸುವುದಿಲ್ಲ, ಇದ್ದದ್ದನ್ನು ಹಿಡಿದಿಡುತ್ತದೆ ಅಷ್ಟೆ.

ಇನ್ನು ಗಾಳಿ. ಎಲೆ ಅಲುಗದ ದಿನವೂ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವ ಸವಾರ ತನ್ನ ಗಾಳಿಯನ್ನು ತಾನೇ ಸೃಷ್ಟಿಸಿಕೊಳ್ಳುತ್ತಾನೆ. ಅಮೆರಿಕ ಮತ್ತು ಕೆನಡಾ 2001ರಲ್ಲಿ ಜಾರಿಗೆ ತಂದ ಸೂತ್ರದ ಪ್ರಕಾರ ಥರ್ಮಾಮೀಟರು −20 ಡಿಗ್ರಿ ತೋರಿಸುವಾಗ ಆ ವೇಗದ ಗಾಳಿಗೆ ಒಡ್ಡಿದ ಚರ್ಮಕ್ಕೆ ತಟ್ಟುವ ಚಳಿ −30ರದ್ದು. ಈ ಬಗೆಯ ಲೆಕ್ಕಕ್ಕೆ ತಳಪಾಯ ಹಾಕಿದವರು ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್. ಅಂಟಾರ್ಕ್‌ಟಿಕಾದಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ತುಂಬಿ, ಬೇರೆ ಬೇರೆ ಗಾಳಿಯಲ್ಲಿ ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆದು 1945ರಲ್ಲಿ ಪ್ರಕಟಿಸಿದರು.

ಬೆರಳಿಗೊಂದೊಂದು ಗೂಡಿರುವ ಕೈಗವಸು ಈ ಚಳಿಗೆ ಸಾಲದು. ನಾಲ್ಕು ಬೆರಳೂ ಒಂದೇ ಗೂಡಿನಲ್ಲಿ ಒತ್ತಿಕೊಂಡಿರುವ ಮಿಟನ್ ಎಷ್ಟೋ ಬೆಚ್ಚಗೆ. ಆದರೆ ಮಿಟನ್ ತೊಟ್ಟ ಕೈಗೆ ಬ್ರೇಕ್, ಗೇರು ಸಲೀಸಾಗಿ ಸಿಗುವುದಿಲ್ಲ. ಎರಡೆರಡು ಬೆರಳನ್ನು ಜೋಡಿ ಮಾಡಿ ಏಡಿಯ ಕೊಂಡಿಯಂತೆ ಹೊಲಿದ ಗವಸುಗಳೂ ಬಂದಿವೆ. ನೋಡಲು ತಮಾಷೆ, ಕೆಲಸದಲ್ಲಿ ಎರಡರ ನಡುವಿನ ರಾಜಿ. ಇದಕ್ಕಿಂತ ಜಾಣ ಉಪಾಯ ಫಿನ್ಲೆಂಡಿನ ಹಳೆಯ ಮಾದರಿಯ ಸೈಕಲ್ಲುಗಳದ್ದು. 1965ರಿಂದ ಅಲ್ಲಿ ಮನೆಮಾತಾದ ಯೋಪೋ ಎಂಬ ಸೈಕಲ್ಲಿನಲ್ಲಿ ಪೆಡಲನ್ನು ಹಿಂದಕ್ಕೆ ಒತ್ತಿದರೆ ಬ್ರೇಕ್ ಬೀಳುತ್ತದೆ. ಕೈಗೆ ಹಿಡಿದುಕೊಳ್ಳುವುದೊಂದೇ ಕೆಲಸ. ಅಜ್ಜಿ ಹೆಣೆದುಕೊಟ್ಟ ಉಣ್ಣೆಯ ಮಿಟನ್ ತೊಟ್ಟೂ ಹೋಗಬಹುದು.

ಗೇರು, ಕೈಬ್ರೇಕು ಬೇಕೇ ಬೇಕೆನ್ನುವವರು ಕಂಡುಕೊಂಡ ದಾರಿಯೇ ಈ ಲೇಖನದ ನಿಜವಾದ ನಾಯಕ. ಕೈಗೆ ತೊಡಿಸುವುದನ್ನು ಬಿಟ್ಟು ಹ್ಯಾಂಡಲ್‌ಗೇ ತೊಡಿಸಿಬಿಡುವುದು! ಅಲಾಸ್ಕ, ಮಿನೆಸೋಟದ ಸವಾರರು ಇದನ್ನು ಪೋಗಿ ಎನ್ನುತ್ತಾರೆ. ತಣ್ಣನೆಯ ನೀರಿನಲ್ಲಿ ಹುಟ್ಟು ಹಾಕುವ ದೋಣಿಗಾರರಲ್ಲೂ ಇದೇ ಹೆಸರಿನ ಗವಸಿದೆ. ಹ್ಯಾಂಡಲ್ ಗವಸೆಂದರೆ ದೊಡ್ಡ ಚೀಲ. ಕಿರಿದಾದ ತುದಿ ಹ್ಯಾಂಡಲನ್ನು, ಬ್ರೇಕಿನ ತಂತಿಯನ್ನು ಬಿಗಿಯಾಗಿ ಸುತ್ತುತ್ತದೆ. ಅಗಲವಾದ ಬಾಯಿ ಸವಾರನ ಕಡೆಗೆ. ಹ್ಯಾಂಡಲ್ ಹಿಡಿ, ಬ್ರೇಕಿನ ಲಿವರು, ಗೇರಿನ ಗುಂಡಿ ಎಲ್ಲವೂ ಒಳಗೇ. ಹೊರಗೆ ಗಾಳಿ ನುಗ್ಗದ ಗಟ್ಟಿ ನೈಲಾನ್, ಒಳಗೆ ಸಿಂಥೆಟಿಕ್ ಹತ್ತಿಯಂಥ ತುಂಬು. ಹಕ್ಕಿಗರಿಯ ತುಂಬು ಇನ್ನೂ ಬೆಚ್ಚಗೆ, ನಿಜ. ಆದರೆ ಕೈಯ ಬೆವರಿನ ತೇವಕ್ಕೆ ಗರಿ ಮುದ್ದೆಯಾಗುತ್ತದೆ, ಅದಕ್ಕೇ ಹೆಚ್ಚಿನವರು ಸಿಂಥೆಟಿಕ್ ಹಾಕುತ್ತಾರೆ. ಬಾಯಿಗೆ ಎಳೆದು ಬಿಗಿಯುವ ಲಾಡಿ. ಒಳಗೆ ಪುಟ್ಟ ಜೇಬಿದ್ದರೆ ಸವಾರ ಅಲ್ಲಿ ಚಾಕೊಲೇಟ್ ಇಡುತ್ತಾನೆ, ಬೇರೆಡೆ ಇಟ್ಟರೆ ಅದು ಕಲ್ಲಾಗುತ್ತದೆ. ಇದರೊಳಗೆ ಕೈ ತೂರಿಸಿದವನಿಗೆ ತೆಳುವಾದ ಉಣ್ಣೆಯ ಗವಸೊಂದೇ ಸಾಕು. ಬೆರಳು ಸ್ವತಂತ್ರ, ಗಾಳಿ ಹೊರಗೆ, ಕೈ ಕಾಯಿಸಿದ ಗಾಳಿ ಒಳಗೇ. ಆ್ಯಂಕರೇಜಿನ ರೆವೆಲೇಟ್ ಡಿಸೈನ್ಸ್, ಮಿನೆಸೋಟದ 45ನಾರ್ತ್ ಮುಂತಾದವರು ಇವನ್ನು ಮಾರುತ್ತಾರೆ. ಬೆಲೆ ದುಬಾರಿಯೇ. ಹೊಲಿಗೆ ಬಲ್ಲವರು ಹಳೆಯ ಜಾಕೆಟ್ಟಿನ ತೋಳು, ಹರಿದ ಸ್ಲೀಪಿಂಗ್ ಬ್ಯಾಗು ಕತ್ತರಿಸಿ ಮನೆಯಲ್ಲೇ ಮಾಡಿಕೊಳ್ಳುವುದೂ ಇದೆ. ನನ್ನ ಮತ ಅವರಿಗೆ.

ಈ ಗವಸು ಪಳಗಿದ್ದು ಹಿಮದ ರೇಸುಗಳಲ್ಲಿ. ಅಲಾಸ್ಕದಲ್ಲಿ ನಾಯಿಬಂಡಿಗಳ ಇಡಿಟರಾಡ್ ಜಾಡಿನ ಮೇಲೆಯೇ 1987ರಲ್ಲಿ ಇಡಿಟಬೈಕ್ ಎಂಬ ಸೈಕಲ್ ಸ್ಪರ್ಧೆ ಶುರುವಾಯಿತು. ಅಲಾಸ್ಕದ ಹಿಮಕ್ಕೆ ಸೈಕಲ್ ಆಗಲೂ ಹೊಸದಾಗಿರಲಿಲ್ಲ. 1900ರ ಚಿನ್ನದ ಹುಚ್ಚಿನಲ್ಲಿ ಎಡ್ ಜೆಸ್ಸನ್, ಮ್ಯಾಕ್ಸ್ ಹರ್ಷ್‌ಬರ್ಗ್ ಎಂಬಿಬ್ಬರು ಬೇರೆಬೇರೆಯಾಗಿ ಕೆನಡಾದ ಡಾಸನ್‌ನಿಂದ ನೋಮ್‌ವರೆಗೆ, ಹೆಪ್ಪುಗಟ್ಟಿದ ಯೂಕಾನ್ ನದಿಯ ಮೇಲೆ, ಸಾವಿರ ಮೈಲಿಗೂ ಮಿಕ್ಕಿ ಸೈಕಲ್ ತುಳಿದಿದ್ದರು. ಹರ್ಷ್‌ಬರ್ಗನ ಚೈನು ಕಡಿದಾಗ ಆತ ಕೋಟನ್ನೇ ಹಾಯಿಯಾಗಿ ಬಿಡಿಸಿ ಗಾಳಿಯ ಬಲದಿಂದ ಸಾಗಿದ. ಈಗಿನ ಸ್ಪರ್ಧೆಗಳಲ್ಲಿ ಮಿನೆಸೋಟದ ಆ್ಯರೋಹೆಡ್ 135 ಹೆಸರುವಾಸಿ: 135 ಮೈಲಿ, ಜನವರಿ ಕೊನೆ, ಅಮೆರಿಕದ ಐಸ್ ಪೆಟ್ಟಿಗೆ ಎಂದು ತನ್ನನ್ನು ತಾನೇ ಕರೆದುಕೊಳ್ಳುವ ಇಂಟರ್‌ನ್ಯಾಷನಲ್ ಫಾಲ್ಸ್ ಊರಿನಿಂದ ಆರಂಭ. ಸ್ಲೀಪಿಂಗ್ ಬ್ಯಾಗು, ಒಲೆ, ಊಟ ಹೊತ್ತುಕೊಂಡೇ ಹೊರಡಬೇಕೆಂಬುದು ನಿಯಮ.

ಹ್ಯಾಂಡಲ್ ಗವಸಿಗೊಂದು ದೊಡ್ಡ ದೋಷವಿದೆ, ಮಾರುವವರು ಅದನ್ನು ಅಷ್ಟಾಗಿ ಹೇಳುವುದಿಲ್ಲ. ಅದು ಸೈಕಲ್ಲಿಗೆ ಅಂಟಿಕೊಂಡಿರುತ್ತದೆ, ಸವಾರನ ಜೊತೆ ಇಳಿದು ಬರುವುದಿಲ್ಲ. ಪಂಕ್ಚರ್ ಆಯಿತೆನ್ನಿ: ತೆಳು ಗವಸಿನ ಕೈಯಲ್ಲಿ ಲೋಹದ ಸ್ಪ್ಯಾನರ್ ಹಿಡಿಯಬೇಕು. ಕಾಡಿನ ದಾರಿ ಹಿಡಿಯುವವರು ಒಂದು ಜೊತೆ ದಪ್ಪ ಮಿಟನ್ ಬೇರೆಯಾಗಿ ಕಟ್ಟಿಕೊಳ್ಳುವುದು ಇದಕ್ಕೇ. ತಣ್ಣಗಾದ ಕೈಯನ್ನು ದಾರಿಯಲ್ಲೇ ಸರಿಮಾಡಿಕೊಳ್ಳಬೇಕಾದರೆ ಇಳಿದು ಸೈಕಲ್ ತಳ್ಳಿಕೊಂಡು ನಾಲ್ಕು ಹೆಜ್ಜೆ ಜೋರಾಗಿ ನಡೆಯಬೇಕು, ತೋಳನ್ನು ಭುಜದಿಂದ ಗಿರಗಿರನೆ ತಿರುಗಿಸಬೇಕು.

ಶಾಖವನ್ನೇ ಜೇಬಿನಲ್ಲಿ ಒಯ್ಯುವ ಉಪಾಯ ಜಪಾನಿನದು. ಒಸಾಕದ ನಿಇಚಿ ಮಾತೊಬ 1923ರಲ್ಲಿ ಪ್ಲಾಟಿನಂ ಬಳಸಿ, ಬೆಂಕಿಯ ಜ್ವಾಲೆಯಿಲ್ಲದೆ ಬೆಂಜಿನ್ ಉರಿಸುವ ಅಂಗೈಯಗಲದ ಡಬ್ಬಿ ತಂದ; ಅದು ಈಗಲೂ ಸಿಗುತ್ತದೆ. 1978ರ ಹೊತ್ತಿಗೆ ಜಪಾನಿನ ಅಂಗಡಿಗಳಿಗೆ ಬಂದದ್ದು ಬಳಸಿ ಬಿಸಾಡುವ ಪೊಟ್ಟಣ: ಒಳಗೆ ಕಬ್ಬಿಣದ ಪುಡಿ, ಉಪ್ಪು, ಇದ್ದಿಲು. ಗಾಳಿ ತಾಗಿದರೆ ಕಬ್ಬಿಣ ತುಕ್ಕು ಹಿಡಿಯುತ್ತ ಬಿಸಿಯಾಗುತ್ತದೆ. ಬಿಗಿಯಾದ ಕೈಗವಸಿನೊಳಗೆ ತುರುಕಿದರೆ ಗಾಳಿ ಸಾಲದೆ ಮಂಕಾಗುತ್ತದೆ. ಹ್ಯಾಂಡಲ್ ಗವಸಿನ ಒಳಗಿನ ಜಾಗ ಅದಕ್ಕೆ ಹೇಳಿ ಮಾಡಿಸಿದ್ದು.

ಬೆರಳ ತುದಿ ಬಿಳಿಚಿ, ಮೇಣದ ಹಾಗೆ ಗಟ್ಟಿಯಾಗಿ, ನೋವೂ ನಿಂತುಹೋಗಿದ್ದರೆ ಅದು ಫ್ರಾಸ್ಟ್‌ಬೈಟ್. ಹಿಮದಿಂದ ಉಜ್ಜುವ ಹಳೆಯ ಮದ್ದು ಗಾಯವನ್ನು ಹೆಚ್ಚಿಸುತ್ತದೆ. ಬೆಂಕಿಗೆ ಹಿಡಿದರೆ ಸುಟ್ಟದ್ದು ತಿಳಿಯುವುದಿಲ್ಲ. ಒಳಗೆ ಹೋಗಿ 37ರಿಂದ 39 ಡಿಗ್ರಿಯ ಬಿಸಿನೀರಿನಲ್ಲಿ ಅದ್ದಿ, ವೈದ್ಯರಲ್ಲಿಗೆ ಹೋಗಬೇಕು. ದಾರಿಯಲ್ಲಿ ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಕರಗಿಸದಿರುವುದೇ ಲೇಸು.

ಹ್ಯಾಂಡಲ್‌ಗೆ ಉಡಿಸುವ ಈ ಪದ್ಧತಿ ರೇಸಿನವರದ್ದಷ್ಟೇ ಅಲ್ಲ. ಜಪಾನಿನಲ್ಲಿ ಮಗುವನ್ನು ಕೂರಿಸಿಕೊಂಡು ಸೈಕಲ್ ತುಳಿಯುವ ಅಮ್ಮಂದಿರು ಚಳಿಗಾಲ ಬಂದರೆ ಹ್ಯಾಂಡಲ್‌ಗೆ ಕವರ್ ಹಾಕುತ್ತಾರೆ. ಉತ್ತರ ಚೀನಾದಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಕೈಗವಸು ಹೊಲಿದ ಇಡೀ ರಜಾಯಿಯನ್ನೇ ಮುಂದೆ ಕಟ್ಟುತ್ತಾರೆ. ಎದೆಯಿಂದ ಮಂಡಿಯವರೆಗೆ ಹೂವಿನ ಚಿತ್ತಾರ. ಅದು ಚಕ್ರಕ್ಕೆ ಸಿಕ್ಕೀತು, ಹ್ಯಾಂಡಲ್ ತಿರುಗಿಸಲು ತೊಡಕಾದೀತು ಎಂದು ಅಲ್ಲಿನ ಸಂಚಾರ ಪೊಲೀಸರು ಎಚ್ಚರಿಸುತ್ತಾರೆ. ಎಚ್ಚರಿಕೆಯಲ್ಲಿ ಹುರುಳಿದೆ. ಮನೆಯಲ್ಲೇ ಗವಸು ಹೊಲಿದುಕೊಳ್ಳುವವರೂ ಇದನ್ನು ಗಮನಿಸಬೇಕು: ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಿ, ಬಿದ್ದಾಗ ಕೈ ಒಂದೇ ಎಳೆತಕ್ಕೆ ಹೊರಬರುವಷ್ಟು ಬಾಯಿ ಸಡಿಲ ಇಟ್ಟ ಮೇಲೆಯೇ ಕೊನೆಯ ಹೊಲಿಗೆ.