ಹೈನು ರಾಸುಗಳ ಕೊಟ್ಟಿಗೆ ಹಾಗೂ ಕೋಳಿ ಸಾಕಣೆ ಶೆಡ್‌ಗಳ ನಿರ್ಮಾಣ ಮತ್ತು ವಿಸ್ತರಣೆ: ಪಡೆಯಬೇಕಾದ ಸ್ಥಳೀಯ ಅನುಮತಿಗಳು

ಪೀಠಿಕೆ

ರಾಜ್ಯದ ಗ್ರಾಮಾಂತರ ಪ್ರದೇಶಗಳಲ್ಲಿ ಹೈನುಗಾರಿಕೆ ಮತ್ತು ಕೋಳಿ ಸಾಕಣೆಯು ವ್ಯವಸಾಯದ ಜೊತೆಗಿನ ಉಪಕಸುಬಾಗಿ ಉಳಿಯದೆ ಅನೇಕ ಕುಟುಂಬಗಳಿಗೆ ಮುಖ್ಯ ಆದಾಯದ ಮೂಲವಾಗಿದೆ. ಎರಡು ಹಸುಗಳಿದ್ದ ಕೊಟ್ಟಿಗೆಯಲ್ಲಿ ಇಪ್ಪತ್ತು ಹಸುಗಳನ್ನು ಕಟ್ಟುವುದು, ಒಂದು ಶೆಡ್ಡಿನ ಪಕ್ಕದಲ್ಲಿ ಮತ್ತೊಂದನ್ನು ನಿರ್ಮಿಸುವುದು ಈಗ ಸಾಮಾನ್ಯ ಸಂಗತಿಯಾಗಿದೆ. ಆದರೆ ಬಹಳಷ್ಟು ಸಂದರ್ಭಗಳಲ್ಲಿ ಅನುಮತಿಯ ವಿಚಾರವು ಶೆಡ್ ಕಟ್ಟಿ ಮುಗಿದ ಮೇಲೆ, ಅದೂ ನೆರೆಯವರ ದೂರಿನ ಮೂಲಕ ಮುನ್ನೆಲೆಗೆ ಬರುತ್ತದೆ. ಆ ಹೊತ್ತಿಗೆ ಸಾಲದ ಹಣ ವೆಚ್ಚವಾಗಿರುತ್ತದೆ, ಕಂತು ಆರಂಭವಾಗಿರುತ್ತದೆ. ಕಟ್ಟಡವನ್ನು ಸ್ಥಳಾಂತರಿಸಲು ಸಾಧ್ಯವಿರುವುದಿಲ್ಲ. ಆದುದರಿಂದ ಹೊಸದಾಗಿ ಫಾರ್ಮ್ ಆರಂಭಿಸುವವರು ಹಾಗೂ ಇರುವ ಫಾರ್ಮನ್ನು ವಿಸ್ತರಿಸುವವರು ಯಾವ ಪ್ರಾಧಿಕಾರದಿಂದ ಏನನ್ನು, ಯಾವ ಹಂತದಲ್ಲಿ ಪಡೆಯಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಜಮೀನಿಗೆ ಸಂಬಂಧಿಸಿದಂತೆ

ಕರ್ನಾಟಕ ಭೂ ಸುಧಾರಣಾ ಅಧಿನಿಯಮ, 1961ರಲ್ಲಿ "ವ್ಯವಸಾಯ" ಎಂಬ ಪದದ ಅರ್ಥವ್ಯಾಪ್ತಿಯಲ್ಲಿ ಹೈನುಗಾರಿಕೆ, ಕೋಳಿ ಸಾಕಣೆ ಮತ್ತು ಜಾನುವಾರು ತಳಿ ಸಂವರ್ಧನೆಯೂ ಸೇರಿವೆ. ಹೀಗಾಗಿ ಈ ಕಸುಬುಗಳು ಸ್ವಭಾವತಃ ವ್ಯವಸಾಯಕ್ಕೆ ಹೊರತಾದವುಗಳಲ್ಲ. ಆದರೆ ಇದರಿಂದ ಜಮೀನಿನಲ್ಲಿ ಏನನ್ನು ಬೇಕಾದರೂ ಕಟ್ಟಬಹುದೆಂದು ಭಾವಿಸತಕ್ಕದ್ದಲ್ಲ. ವ್ಯವಸಾಯದ ಜಮೀನನ್ನು ವ್ಯವಸಾಯೇತರ ಉದ್ದೇಶಕ್ಕೆ ಬಳಸಲು ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 95ನೇ ಪ್ರಕರಣದ ಮೇರೆಗೆ ಭೂ ಪರಿವರ್ತನೆ ಅಗತ್ಯ. ಫಾರ್ಮಿನ ಜೊತೆಯಲ್ಲಿ ಪಶು ಆಹಾರ ತಯಾರಿಕಾ ಗಿರಣಿ, ಹಾಲು ಸಂಸ್ಕರಣೆ ಹಾಗೂ ಪೊಟ್ಟಣ ಕಟ್ಟುವ ಘಟಕ ಅಥವಾ ಮಾಂಸ ಸಂಸ್ಕರಣಾ ಘಟಕವನ್ನು ಸ್ಥಾಪಿಸಿದಲ್ಲಿ, ಅವು ಕೈಗಾರಿಕೆ ಅಥವಾ ವಾಣಿಜ್ಯದ ಸ್ವರೂಪ ಪಡೆಯುತ್ತವೆ. ಸಂಶಯವಿರುವ ಸಂದರ್ಭದಲ್ಲಿ ಉದ್ದೇಶಿತ ಬಳಕೆಯನ್ನು ವಿವರಿಸಿ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸಿ ಲಿಖಿತ ಹಿಂಬರಹ ಪಡೆಯುವುದು ಸೂಕ್ತ. ಬಾಯಿಮಾತಿನ ಭರವಸೆಯು ಮುಂದೆ ಯಾವ ಕಚೇರಿಯಲ್ಲಿಯೂ ದಾಖಲೆಯಾಗುವುದಿಲ್ಲ.

ಗೋಮಾಳವು ಜಾನುವಾರುಗಳಿಗೆಂದೇ ಮೀಸಲಾದ ಭೂಮಿಯಾದ್ದರಿಂದ ಅಲ್ಲಿ ಕೊಟ್ಟಿಗೆ ಕಟ್ಟಬಹುದೆಂಬ ಅಭಿಪ್ರಾಯ ಕೆಲವೆಡೆ ಇದೆ. ಇದು ಸರಿಯಲ್ಲ. ಗೋಮಾಳವು ಗ್ರಾಮದ ಎಲ್ಲ ಜಾನುವಾರುಗಳು ಮೇಯುವುದಕ್ಕಾಗಿ ಇರುವ ಸರ್ಕಾರಿ ಭೂಮಿ. ಅದರಲ್ಲಿ ಖಾಸಗಿ ಕೊಟ್ಟಿಗೆ ಕಟ್ಟುವುದು ಒತ್ತುವರಿಯಾಗುತ್ತದೆ.

2. ಗ್ರಾಮ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆಯ ಅನುಮತಿ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣವು ಪಂಚಾಯಿತಿ ವ್ಯಾಪ್ತಿಯಲ್ಲಿ ಕಟ್ಟಡಗಳ ನಿರ್ಮಾಣವನ್ನು ನಿಯಂತ್ರಿಸುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಅನುಮತಿಯ ಅಗತ್ಯವು ಹೊಸ ಕಟ್ಟಡಕ್ಕಷ್ಟೇ ಸೀಮಿತವಲ್ಲ. ಇರುವ ಕಟ್ಟಡವನ್ನು ಮಾರ್ಪಡಿಸುವುದು ಹಾಗೂ ಅದಕ್ಕೆ ಸೇರ್ಪಡೆ ಮಾಡುವುದು ಕೂಡ ಇದರ ವ್ಯಾಪ್ತಿಗೆ ಬರುತ್ತದೆ. ಹಿಂದೆ ಒಂದು ಶೆಡ್ಡಿಗೆ ಪಡೆದ ಅನುಮತಿಯು ಎರಡನೆಯ ಶೆಡ್ಡಿಗೆ ಅನ್ವಯಿಸುವುದಿಲ್ಲ.

ಅರ್ಜಿಯೊಂದಿಗೆ ಸಾಮಾನ್ಯವಾಗಿ ಕೆಳಕಂಡ ದಾಖಲೆಗಳನ್ನು ಲಗತ್ತಿಸಬೇಕಾಗುತ್ತದೆ:

(ಅ) ಚಾಲ್ತಿ ಸಾಲಿನ ಪಹಣಿ ಮತ್ತು ಹಕ್ಕು ಬದಲಾವಣೆಯ ಪ್ರತಿ. ಜಮೀನು ಗುತ್ತಿಗೆಯದಾಗಿದ್ದಲ್ಲಿ ಒಪ್ಪಂದ ಪತ್ರ.
(ಆ) ಶೆಡ್ಡಿನ ಅಳತೆ, ಗಡಿಯಿಂದ ಅಂತರ, ಗೊಬ್ಬರದ ಗುಂಡಿ, ನೀರಿನ ಮೂಲ ಮತ್ತು ಸಮೀಪದ ಮನೆಗಳನ್ನು ತೋರಿಸುವ ನಕ್ಷೆ.
(ಇ) ಸಾಕಲು ಉದ್ದೇಶಿಸಿರುವ ಪ್ರಾಣಿ ಅಥವಾ ಪಕ್ಷಿಗಳ ಗರಿಷ್ಠ ಸಂಖ್ಯೆಯ ಘೋಷಣೆ.
(ಈ) ಪಂಚಾಯಿತಿ ತೆರಿಗೆ ಪಾವತಿಯ ರಸೀದಿ.

ಅರ್ಜಿ ಸಲ್ಲಿಸಿದ ದಿನಾಂಕವಿರುವ ಸ್ವೀಕೃತಿಯನ್ನು ತಪ್ಪದೆ ಪಡೆದುಕೊಳ್ಳಬೇಕು. ಅರ್ಜಿ ತಿರಸ್ಕೃತವಾದಲ್ಲಿ ಕಾರಣಗಳುಳ್ಳ ಲಿಖಿತ ಹಿಂಬರಹವನ್ನೂ, ಮೇಲ್ಮನವಿ ಸಲ್ಲಿಸಬೇಕಾದ ಪ್ರಾಧಿಕಾರದ ವಿವರವನ್ನೂ ಕೋರಬಹುದು.

ಪಟ್ಟಣ ಪಂಚಾಯಿತಿ, ಪುರಸಭೆ ಮತ್ತು ನಗರಸಭೆಗಳ ವ್ಯಾಪ್ತಿಯಲ್ಲಿ ಕರ್ನಾಟಕ ಪುರಸಭೆಗಳ ಅಧಿನಿಯಮ, 1964, ಹಾಗೂ ಮಹಾನಗರ ಪಾಲಿಕೆಗಳಲ್ಲಿ ಅವುಗಳಿಗೆ ಅನ್ವಯಿಸುವ ಅಧಿನಿಯಮಗಳ ಮೇರೆಗೆ ಕಟ್ಟಡದ ಅನುಮತಿಯ ಜೊತೆಗೆ ಪ್ರಾಣಿ ಸಾಕಣೆಗೆ ಪ್ರತ್ಯೇಕ ಪರವಾನಗಿಯ ಅಗತ್ಯ ಬೀಳಬಹುದು. ಗ್ರಾಮವು ಇತ್ತೀಚೆಗೆ ನಗರ ಸಂಸ್ಥೆಯ ವ್ಯಾಪ್ತಿಗೆ ಸೇರಿದ್ದಲ್ಲಿ ಈ ಬಗ್ಗೆ ಮೊದಲೇ ವಿಚಾರಿಸುವುದು ಒಳಿತು.

3. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ

ಈ ವಿಷಯದಲ್ಲಿ ಹಳೆಯ ತಿಳಿವಳಿಕೆಯೇ ಇನ್ನೂ ಹೆಚ್ಚಾಗಿ ಚಾಲ್ತಿಯಲ್ಲಿರುವುದರಿಂದ ತುಸು ವಿವರವಾಗಿ ಹೇಳಬೇಕಾಗಿದೆ.

ಕೋಳಿ ಫಾರ್ಮ್‌ಗಳು: ಹಿಂದೆ 1 ಲಕ್ಷಕ್ಕಿಂತ ಹೆಚ್ಚು ಪಕ್ಷಿಗಳಿರುವ ಫಾರ್ಮ್‌ಗಳಿಗೆ ಮಾತ್ರ ಸಮ್ಮತಿಯ ಅಗತ್ಯವಿತ್ತು. 2020ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಈ ವಿನಾಯಿತಿಯನ್ನು ಮರುಪರಿಶೀಲಿಸುವಂತೆ ನಿರ್ದೇಶಿಸಿತು. ತದನಂತರ 2021ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಪರಿಷ್ಕೃತ ಮಾರ್ಗಸೂಚಿಗಳನ್ನು ಹೊರಡಿಸಿತು. ಅದರಂತೆ ಒಂದೇ ಸ್ಥಳದಲ್ಲಿ, ಒಂದೇ ಸಮಯದಲ್ಲಿ 5,000ಕ್ಕಿಂತ ಹೆಚ್ಚು ಪಕ್ಷಿಗಳನ್ನು ಸಾಕುವ ಫಾರ್ಮ್‌ಗಳು ಸಮ್ಮತಿಯ ವ್ಯಾಪ್ತಿಗೆ ಬಂದಿವೆ. 25,000 ಪಕ್ಷಿಗಳವರೆಗಿನವು ಸಣ್ಣ, 1 ಲಕ್ಷದವರೆಗಿನವು ಮಧ್ಯಮ ಮತ್ತು ಅದಕ್ಕೂ ಮೇಲ್ಪಟ್ಟವು ದೊಡ್ಡ ಫಾರ್ಮ್‌ಗಳೆಂದು ವಿಂಗಡಿಸಲಾಗಿದೆ.

ಹೈನು ಫಾರ್ಮ್‌ಗಳು: ಕೇಂದ್ರ ಮಂಡಳಿಯು 2020ರಲ್ಲಿ ಹೈನು ಫಾರ್ಮ್ ಮತ್ತು ಗೋಶಾಲೆಗಳ ಪರಿಸರ ನಿರ್ವಹಣೆಗೆ ಮಾರ್ಗಸೂಚಿ ಹೊರಡಿಸಿ, 2021ರಲ್ಲಿ ಪರಿಷ್ಕರಿಸಿತು. 15 ಅಥವಾ ಹೆಚ್ಚು ರಾಸುಗಳಿರುವ ಘಟಕಗಳು ಸಮ್ಮತಿಯ ವಿಷಯವನ್ನು ಪರಿಶೀಲಿಸಿಕೊಳ್ಳಬೇಕು.

ಸಮ್ಮತಿಯಲ್ಲಿ ಎರಡು ಹಂತಗಳಿವೆ. ನಿರ್ಮಾಣಕ್ಕೆ ಮುನ್ನ ಸ್ಥಾಪನಾ ಸಮ್ಮತಿಯನ್ನೂ, ನಿರ್ಮಾಣ ಮುಗಿದು ಸಾಕಣೆ ಆರಂಭಿಸುವ ಮುನ್ನ ಕಾರ್ಯಾಚರಣೆ ಸಮ್ಮತಿಯನ್ನೂ ಪಡೆಯಬೇಕು. ಇವೆರಡೂ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಅಧಿನಿಯಮ, 1974 ಹಾಗೂ ವಾಯು ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಅಧಿನಿಯಮ, 1981ರ ಅಡಿಯಲ್ಲಿ ಬರುತ್ತವೆ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸಬೇಕು. ಘಟಕದ ವರ್ಗ, ಶುಲ್ಕ ಮತ್ತು ಸಮ್ಮತಿಯ ಅವಧಿಯನ್ನು ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಮಂಡಳಿಯ ಆದೇಶದಿಂದ ಬಾಧಿತರಾದವರು 30 ದಿನಗಳೊಳಗೆ ಮೇಲ್ಮನವಿ ಪ್ರಾಧಿಕಾರದ ಮೊರೆ ಹೋಗಬಹುದು.

4. ವಿಸ್ತರಣೆಯಲ್ಲಿ ಆಗುವ ತೊಡಕು: ಒಂದು ಉದಾಹರಣೆ

ರೈತರೊಬ್ಬರು 4,500 ಮಾಂಸದ ಕೋಳಿಗಳ ಒಂದು ಶೆಡ್ ಹೊಂದಿದ್ದಾರೆಂದು ಇಟ್ಟುಕೊಳ್ಳೋಣ. ಆಳವಾದ ಹಾಸಿನ ಪದ್ಧತಿಯಲ್ಲಿ ಪಕ್ಷಿಯೊಂದಕ್ಕೆ ಸುಮಾರು 1 ಚದರ ಅಡಿಯ ಲೆಕ್ಕದಲ್ಲಿ ಶೆಡ್ಡಿನ ವಿಸ್ತೀರ್ಣ ಸುಮಾರು 4,500 ಚದರ ಅಡಿ. ಅವರಿಗೆ ಮಂಡಳಿಯ ಸಮ್ಮತಿಯ ಅಗತ್ಯ ಬಿದ್ದಿರುವುದಿಲ್ಲ. ಈಗ ಪಕ್ಕದಲ್ಲಿಯೇ ಅಷ್ಟೇ ಅಳತೆಯ ಇನ್ನೊಂದು ಶೆಡ್ ನಿರ್ಮಿಸುತ್ತಾರೆ. ಪ್ರತಿಯೊಂದು ಶೆಡ್ 5,000ಕ್ಕಿಂತ ಕಡಿಮೆಯೇ ಇದ್ದರೂ, ಒಂದೇ ಸ್ಥಳದಲ್ಲಿರುವ ಒಟ್ಟು ಸಂಖ್ಯೆ 9,000 ಆಗುವುದರಿಂದ ಇಡೀ ಫಾರ್ಮ್ ಸಮ್ಮತಿಯ ವ್ಯಾಪ್ತಿಗೆ ಬರುತ್ತದೆ. ಶೆಡ್‌ಗಳನ್ನು ಪ್ರತ್ಯೇಕವಾಗಿ ಎಣಿಸುವಂತಿಲ್ಲ.

ಅದೇ ರೀತಿ 12 ಹಸುಗಳಿರುವ ಕೊಟ್ಟಿಗೆಯನ್ನು 20ಕ್ಕೆ ವಿಸ್ತರಿಸುವಾಗ ಹೆಚ್ಚುವುದು ಎಂಟು ಹಸುಗಳು ಮಾತ್ರವಲ್ಲ. ಸುಮಾರು 400 ಕಿಲೋ ತೂಕದ ರಾಸು ದಿನಕ್ಕೆ 15ರಿಂದ 20 ಕಿಲೋ ಸಗಣಿ ಹಾಗೂ 15ರಿಂದ 20 ಲೀಟರ್ ಗಂಜಲ ಹೊರಹಾಕುತ್ತದೆ. 20 ರಾಸುಗಳಿಗೆ ದಿನಕ್ಕೆ 300ರಿಂದ 400 ಕಿಲೋ ಸಗಣಿ, ತಿಂಗಳಿಗೆ 9ರಿಂದ 12 ಟನ್ ಆಗುತ್ತದೆ. ಹನ್ನೆರಡು ಹಸುಗಳಿಗೆ ಸಾಕಾಗುತ್ತಿದ್ದ ತಿಪ್ಪೆ ಇದಕ್ಕೆ ಸಾಲದು. ಮಳೆಗಾಲದಲ್ಲಿ ಅದು ತುಂಬಿ ಹರಿದಲ್ಲಿ ತಲುಪುವುದು ಕೆಳಗಿನ ಕೆರೆಗೆ ಅಥವಾ ಕುಡಿಯುವ ನೀರಿನ ಬಾವಿಗೆ. ಸುಮಾರು 25 ಕಿಲೋ ಸಗಣಿಯಿಂದ 1 ಘನ ಮೀಟರ್ ಅನಿಲ ದೊರೆಯುವುದರಿಂದ, ವಿಸ್ತರಣೆಯ ಅಂದಾಜು ಪಟ್ಟಿಯಲ್ಲಿಯೇ ಗೋಬರ್ ಅನಿಲ ಘಟಕ ಅಥವಾ ಎರೆಗೊಬ್ಬರದ ತೊಟ್ಟಿಯ ವೆಚ್ಚವನ್ನು ಸೇರಿಸುವುದು ಲಾಭದಾಯಕ.

5. ಸ್ಥಳದ ಆಯ್ಕೆ ಮತ್ತು ಅಂತರಗಳು

2021ರ ಮಾರ್ಗಸೂಚಿಗಳು ಹೊಸ ಕೋಳಿ ಫಾರ್ಮ್‌ಗಳಿಗೆ ಆದ್ಯತೆಯ ಮೇರೆಗೆ ಸೂಚಿಸಿರುವ ಅಂತರಗಳು ಹೀಗಿವೆ:

• ವಸತಿ ಪ್ರದೇಶದಿಂದ 500 ಮೀಟರ್
• ನದಿ, ಕೆರೆ, ಕಾಲುವೆ ಹಾಗೂ ಕುಡಿಯುವ ನೀರಿನ ಮೂಲಗಳಿಂದ 100 ಮೀಟರ್
• ರಾಷ್ಟ್ರೀಯ ಹೆದ್ದಾರಿಯಿಂದ 100 ಮೀಟರ್
• ಫಾರ್ಮಿನ ಗಡಿಯಿಂದ ಶೆಡ್ಡಿಗೆ ಕನಿಷ್ಠ 10 ಮೀಟರ್

ಈ ಅಂತರಗಳಿಗೆ ಕಾರಣಗಳಿವೆ. ಒದ್ದೆಯಾದ ಹಿಕ್ಕೆಯಲ್ಲಿ ಅಮೋನಿಯಾ ವಾಸನೆ ಹುಟ್ಟುತ್ತದೆ. ಬೆಚ್ಚನೆಯ ಹವೆಯಲ್ಲಿ ಮನೆನೊಣವು ಮೊಟ್ಟೆಯಿಂದ ನೊಣವಾಗಲು ಸುಮಾರು 7ರಿಂದ 10 ದಿನಗಳು ಸಾಕು. ವಾರಕ್ಕಿಂತ ಹೆಚ್ಚು ಕಾಲ ಒದ್ದೆ ಗೊಬ್ಬರ ಬಿದ್ದಿದ್ದಲ್ಲಿ ಅದರಲ್ಲಿ ಒಂದು ತಲೆಮಾರಿನ ನೊಣಗಳು ಪೂರ್ಣವಾಗಿ ಬೆಳೆದು ಹೊರಬರುತ್ತವೆ. ಅನುಮತಿಯ ಎಲ್ಲ ಪತ್ರಗಳಿದ್ದರೂ ಹಿಕ್ಕೆಯನ್ನು ಒಣಗಿರುವಂತೆ ನೋಡಿಕೊಳ್ಳದ ಫಾರ್ಮ್ ದೂರಿಗೆ ಗುರಿಯಾಗುವುದು ಇದರಿಂದಲೇ. ಸೋರುವ ನೀರಿನ ಕೊಳವೆಯನ್ನು ಅಂದೇ ಸರಿಪಡಿಸುವುದು, ಗೊಬ್ಬರವನ್ನು ಮಳೆಗೆ ನೆನೆಯದಂತೆ ಮುಚ್ಚಿಡುವುದು ದೂರುಗಳನ್ನು ತಪ್ಪಿಸುವ ಅಗ್ಗದ ಮಾರ್ಗಗಳು.

ಎರಡನೆಯ ಕಾರಣ ರೋಗ. 2012ರಲ್ಲಿ ಬೆಂಗಳೂರು ಸಮೀಪದ ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿಯೂ, 2020ರಲ್ಲಿ ಮೈಸೂರಿನಲ್ಲಿಯೂ ಹಕ್ಕಿಜ್ವರ ದೃಢಪಟ್ಟಿತ್ತು. ರೋಗ ದೃಢಪಟ್ಟಲ್ಲಿ ಸುತ್ತಲಿನ 1 ಕಿಲೋಮೀಟರ್ ಪ್ರದೇಶವನ್ನು ಸೋಂಕಿತ ವಲಯವೆಂದು, 10 ಕಿಲೋಮೀಟರ್‌ವರೆಗೆ ಕಣ್ಗಾವಲು ವಲಯವೆಂದು ಘೋಷಿಸಲಾಗುತ್ತದೆ. ಸೋಂಕಿತ ವಲಯದಲ್ಲಿ ಹಿತ್ತಲಿನ ನಾಲ್ಕು ಕೋಳಿಗಳೂ ಸೇರಿದಂತೆ ಎಲ್ಲ ಕೋಳಿಗಳನ್ನು ನಾಶಪಡಿಸಬೇಕಾಗುತ್ತದೆ. ಊರಿನ ನಡುವೆ ಇರುವ ಫಾರ್ಮಿನ ಹೊರೆಯನ್ನು ಆಗ ಇಡೀ ಊರು ಹೊರಬೇಕಾಗುತ್ತದೆ.

ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನ ಪ್ರದೇಶದಲ್ಲಿ 2003ರ ಅಧಿಸೂಚನೆ ಹಾಗೂ ಅದರ ನಂತರದ ತಿದ್ದುಪಡಿಗಳ ನಿರ್ಬಂಧಗಳು ಅನ್ವಯಿಸುತ್ತವೆ. ರಾಷ್ಟ್ರೀಯ ಉದ್ಯಾನ ಮತ್ತು ವನ್ಯಧಾಮಗಳ ಸುತ್ತಲಿನ ಪರಿಸರ ಸೂಕ್ಷ್ಮ ವಲಯಗಳ ಅನೇಕ ಅಧಿಸೂಚನೆಗಳಲ್ಲಿ ಕಂಪನಿಗಳು ಸ್ಥಾಪಿಸುವ ಬೃಹತ್ ವಾಣಿಜ್ಯ ಜಾನುವಾರು ಮತ್ತು ಕೋಳಿ ಫಾರ್ಮ್‌ಗಳಿಗೆ ನಿರ್ಬಂಧವಿದೆ. ಇಂತಹ ಪ್ರದೇಶದವರು ಸರ್ವೆ ನಂಬರನ್ನು ಅಧಿಸೂಚನೆಯೊಂದಿಗೆ ತಾಳೆ ನೋಡಬೇಕು.

6. ನೀರು ಮತ್ತು ರೋಗದ ವರದಿ

ಕರ್ನಾಟಕ ಅಂತರ್ಜಲ ಅಧಿನಿಯಮ, 2011ರ ಮೇರೆಗೆ ಅಧಿಸೂಚಿತ ಪ್ರದೇಶಗಳಲ್ಲಿ ಕೊಳವೆಬಾವಿ ಕೊರೆಯಲು ಪೂರ್ವಾನುಮತಿ ಅಗತ್ಯ. ಶೆಡ್ ಕಟ್ಟಿದ ಮೇಲೆ ನೀರು ಹುಡುಕುವುದಕ್ಕಿಂತ ನೀರಿನ ಅನುಮತಿ ಮತ್ತು ಲಭ್ಯತೆಯನ್ನು ಮೊದಲು ನೋಡುವುದು ಯುಕ್ತ.

ಪ್ರಾಣಿಗಳಲ್ಲಿ ಸೋಂಕು ಮತ್ತು ಅಂಟು ರೋಗಗಳ ತಡೆಗಟ್ಟುವಿಕೆ ಹಾಗೂ ನಿಯಂತ್ರಣ ಅಧಿನಿಯಮ, 2009ರಂತೆ, ಅನುಸೂಚಿತ ರೋಗದ ಶಂಕೆ ಬಂದ ಕೂಡಲೇ ವರದಿ ಮಾಡುವುದು ಮಾಲೀಕರ ಕರ್ತವ್ಯ. ಸತ್ತ ಪಕ್ಷಿ ಅಥವಾ ಪ್ರಾಣಿಗಳನ್ನು ಹೂಳುವ ಗುಂಡಿಯ ಜಾಗವನ್ನು ನಕ್ಷೆಯಲ್ಲಿಯೇ ಗುರುತಿಸತಕ್ಕದ್ದು.

7. ವೆಚ್ಚದ ಅನುಕ್ರಮ

ಅರ್ಜಿ, ನಕ್ಷೆ ಮತ್ತು ಶುಲ್ಕಗಳ ವೆಚ್ಚವು ಯೋಜನಾ ವೆಚ್ಚದಲ್ಲಿ ಸಣ್ಣ ಪಾಲು. ಶೆಡ್, ಕೊಳವೆಬಾವಿ ಮತ್ತು ರಾಸುಗಳ ಖರೀದಿಯೇ ದೊಡ್ಡ ಪಾಲು. ಸಣ್ಣ ವೆಚ್ಚವನ್ನು ಮೊದಲು ಮಾಡಿ, ಅದರ ಫಲಿತಾಂಶ ತಿಳಿದ ನಂತರವೇ ದೊಡ್ಡ ವೆಚ್ಚಕ್ಕೆ ಕೈಹಾಕುವುದು ಲೆಕ್ಕಾಚಾರದ ಸರಳ ನಿಯಮ. ಬ್ಯಾಂಕ್ ಸಾಲ ಅಥವಾ ಸಹಾಯಧನ ಮಂಜೂರಾಗಿರುವುದು ಅನುಮತಿಗೆ ಸಮವಲ್ಲ. ಕಂಪನಿಯೊಂದಿಗೆ ಒಪ್ಪಂದದ ಮೇಲೆ ಕೋಳಿ ಸಾಕುವವರು, ಅನುಮತಿಗಳನ್ನು ಪಡೆಯುವ ಹೊಣೆ ಯಾರದು ಮತ್ತು ಫಾರ್ಮ್ ಸ್ಥಗಿತಗೊಂಡಲ್ಲಿ ನಷ್ಟ ಯಾರದು ಎಂಬುದನ್ನು ಸಹಿ ಹಾಕುವ ಮುನ್ನ ಒಪ್ಪಂದ ಪತ್ರದಲ್ಲಿ ಬರೆಯಿಸಿಕೊಳ್ಳಬೇಕು.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನ್ನ ಫಾರ್ಮಿನಲ್ಲಿ 3,000 ಕೋಳಿಗಳು ಮಾತ್ರ ಇವೆ. ಯಾವ ನಿಯಮವೂ ಅನ್ವಯಿಸುವುದಿಲ್ಲವೇ?
ಉತ್ತರ: ಸಮ್ಮತಿಯಿಂದ ವಿನಾಯಿತಿ ದೊರೆತ ಮಾತ್ರಕ್ಕೆ ಉಪದ್ರವ ಉಂಟುಮಾಡುವ ಹಕ್ಕು ದೊರೆಯುವುದಿಲ್ಲ. ಸಾರ್ವಜನಿಕರ ಆರೋಗ್ಯಕ್ಕೆ ಬಾಧೆಯಾಗುವ ಕಸುಬನ್ನು ನಿಲ್ಲಿಸಲು ಅಥವಾ ನಿಯಂತ್ರಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 152ನೇ ಪ್ರಕರಣದಡಿ ದಂಡಾಧಿಕಾರಿಗಳು ಷರತ್ತುಬದ್ಧ ಆದೇಶ ಹೊರಡಿಸಬಹುದು. ಪಂಚಾಯಿತಿಯ ಅನುಮತಿಯೂ ಅಗತ್ಯ.

ಪ್ರಶ್ನೆ: ಫಾರ್ಮ್ ಆರಂಭಿಸಿದಾಗ ಸುತ್ತ ಮನೆಗಳಿರಲಿಲ್ಲ, ಈಗ ಬಡಾವಣೆ ಬಂದಿದೆ. ವಿಸ್ತರಿಸಬಹುದೇ?
ಉತ್ತರ: ಇರುವ ಫಾರ್ಮಿಗೆ ಪಡೆದ ಹಳೆಯ ಅನುಮತಿ, ತೆರಿಗೆ ರಸೀದಿ ಮತ್ತು ವಿದ್ಯುತ್ ಬಿಲ್ಲುಗಳನ್ನು ಜೋಪಾನವಾಗಿಡಿ; ಫಾರ್ಮ್ ಮೊದಲೇ ಇತ್ತೆಂಬುದಕ್ಕೆ ಅವೇ ಆಧಾರ. ವಿಸ್ತರಣೆಯನ್ನು ಮಾತ್ರ ಇಂದಿನ ಸ್ಥಿತಿಗತಿಯನ್ನು ನೋಡಿ ಪರಿಶೀಲಿಸಲಾಗುವುದರಿಂದ, ಹೊಸ ಶೆಡ್ಡನ್ನು ಮನೆಗಳಿಂದ ದೂರದ ಬದಿಯಲ್ಲಿ ಯೋಜಿಸುವುದು ಅಥವಾ ಬೇರೆ ಸ್ಥಳ ನೋಡುವುದು ಲೇಸು.

ಪ್ರಶ್ನೆ: ನೆರೆಯ ಫಾರ್ಮಿನಿಂದ ನಮಗೆ ತೊಂದರೆಯಾಗುತ್ತಿದೆ. ಯಾರಿಗೆ ದೂರು ನೀಡಬೇಕು?
ಉತ್ತರ: ಮೊದಲು ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ, ನೀರು ಅಥವಾ ಗಾಳಿ ಕಲುಷಿತವಾಗಿದ್ದಲ್ಲಿ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಸಲ್ಲಿಸಬಹುದು. ಫಾರ್ಮ್ ಪಡೆದಿರುವ ಅನುಮತಿಗಳ ಪ್ರತಿಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೋರಬಹುದು.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಅಧಿನಿಯಮ, ನಿಯಮ ಮತ್ತು ಅಧಿಸೂಚನೆಗಳ ಮೂಲ ಪಠ್ಯವೇ ಅಂತಿಮ. ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ಗ್ರಾಮ ಪಂಚಾಯಿತಿ, ತಾಲ್ಲೂಕು ಕಚೇರಿ, ಮಂಡಳಿಯ ಪ್ರಾದೇಶಿಕ ಕಚೇರಿ ಹಾಗೂ ಸ್ಥಳೀಯ ಪಶುವೈದ್ಯಾಧಿಕಾರಿಗಳನ್ನು ಸಂಪರ್ಕಿಸಲು ಕೋರಲಾಗಿದೆ.