ಹಾಯಿದೋಣಿಯ ಹೊಸ್ತಿಲು: ಸೋರಿಕೆ ತಡೆಯುವ ಬಗೆ

ವೃತ್ತಿಯ ಕಷ್ಟವನ್ನು ಬಿಡಿಸಲು ಮನೆಮಾತು ಎಷ್ಟು ಒದಗುತ್ತದೆಂಬುದು ನನಗೆ ಮನವರಿಕೆಯಾದದ್ದು ಗೋವಾದಲ್ಲಿ. 2017-18ರಲ್ಲಿ ನೌಕಾಪಡೆಯ 6 ಮಂದಿ ಮಹಿಳಾ ಅಧಿಕಾರಿಗಳು ಜಗತ್ತು ಸುತ್ತಿಬಂದ 'ತಾರಿಣಿ' ಕಟ್ಟಿದ್ದೂ ಅಲ್ಲಿಯೇ. ನಾನು ದುರಸ್ತಿಗೆ ಹಿಡಿದದ್ದು ಸಣ್ಣ ಹಾಯಿದೋಣಿ. ಒಳಕೋಣೆಯ ಬಾಗಿಲಲ್ಲಿ ಮಳೆನೀರು ಸೋರಿ ಹಾಸಿಗೆ, ವಿದ್ಯುತ್ ಫಲಕ ಎಲ್ಲ ಒದ್ದೆ. ಸಿಲಿಕೋನ್ ಮೆತ್ತಿ ಎರಡು ಸಲ ಸೋತಿದ್ದೆ. ಅಲ್ಲೇ ನೆಲೆಸಿದ ವಿಜಾಪುರ ಕಡೆಯ ಬಡಿಗ ಅಜ್ಜಾರು, "ಮೊದ್ಲ ನೀರ ಎಲ್ಲಿಂದ ಬರ್ತೈತಿ ನೋಡೂಣ್ರಿ, ಆಮ್ಯಾಲ ಸಂದಿ ಮುಚ್ಚೂಣು" ಅಂದರು.

ಒಬ್ಬರು ಒಳಗೆ ಬ್ಯಾಟರಿ ಹಿಡಿದು ಕೂರಬೇಕು; ಇನ್ನೊಬ್ಬರು ಪೈಪಿನ ನೀರನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸಂದಿಗೆ ಬಿಡಬೇಕು. ಮೇಲಿನಿಂದ ಬಿಟ್ಟರೆ ಎಲ್ಲ ಸಂದಿಯೂ ನೆನೆದು ದಾರಿ ತಪ್ಪುತ್ತದೆ.

ಸೋರುವ ಜಾಗ ಸಾಮಾನ್ಯವಾಗಿ ಮೂರು. ಒಂದು, ಬಾಗಿಲ ಹಲಗೆಗಳ ಕೂಡುಸಂದಿ: ಅದು ಹೊರಕ್ಕೆ ಇಳಿಜಾರಾಗಿದ್ದು, ಮೇಲಿನ ಹಲಗೆ ಕೆಳಗಿನದನ್ನು ಹೊರಗಡೆಯಿಂದ ಮುಚ್ಚಬೇಕು. ಎರಡು, ಹೊಸ್ತಿಲು: ಚೌಕಟ್ಟು ಸಡಿಲಾಗಿದ್ದರೆ ಬಿಚ್ಚಿ, ಹಳೆ ಸಿಲಿಕೋನ್ ಪೂರ್ತಿ ಕೆರೆದು, ಒಣಗಿಸಿ, ಬ್ಯೂಟೈಲ್ ಪಟ್ಟಿಯ ಮೇಲೆ ಕೂರಿಸಬೇಕು. ಸಿಲಿಕೋನ್ ಉಳಿದರೆ ಬೇರೇನೂ ಅಂಟದು. ಮೂರು, ಜಾರುಮುಚ್ಚಳದ ಮುಂಬದಿ: ಅಡ್ಡಪಟ್ಟಿ ಎತ್ತರವಿದ್ದು, ನೀರು ಹೊರಹೋಗುವ ತೂತು ತೆರೆದಿರಬೇಕು.

ನಮ್ಮ ದೋಣಿಯ ರೋಗ ಅಲ್ಲೇ ಇತ್ತು. ಆ ತೂತೇ ಸೋರುತ್ತದೆಂದು ತಿಳಿದು ನಾನೇ ಮುಚ್ಚಿದ್ದೆ. ನಿಂತ ನೀರು ಪಟ್ಟಿ ದಾಟಿ ಒಳಗಿಳಿಯುತ್ತಿತ್ತು. "ಹೊಸ್ತಲಕ್ಕ ಕಟ್ಟಿ ಬೇಕ್ರಿ, ಬಚ್ಚಲಕ್ಕ ದಾರಿ ಬೇಕ್ರಿ" ಎಂದರು ಅಜ್ಜಾರು. ಹಡಗಿನ ಪರಿಭಾಷೆ ಅವರಿಗೆ ಬೇಕಾಗಲಿಲ್ಲ. ಮನೆಯ ಎರಡು ಮಾತೇ ಸಾಕಾದವು.